ಸೈಕಲ್ಲಿಗೊಂದು ಮೋಟಾರು

ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ, ನಾಲೆ ನೀರಿನ ಗದ್ದೆ ಬಯಲಿನಲ್ಲಿ ಸೈಕಲ್ ತುಳಿಯುವ ಹುಡುಗನಿಗೆ ದೊಡ್ಡ ಶತ್ರು ಎದುರುಗಾಳಿ. ಅದೇ ಹುಡುಗ ನಾಗಮಂಗಲದ ರಸ್ತೆ ಹಿಡಿದು, ಜಕ್ಕನಹಳ್ಳಿಯಲ್ಲಿ ಮೇಲುಕೋಟೆಗೆ ತಿರುಗಿದನೆನ್ನಿ. ಶತ್ರು ಬದಲಾಗುತ್ತಾನೆ. ಅಲ್ಲಿ ಗಾಳಿಯ ಲೆಕ್ಕವೇ ಇಲ್ಲ, ಏರಿನದೇ ಲೆಕ್ಕ. ಸೈಕಲ್ ಇಳಿದು ತಳ್ಳುವಾಗ ಅವನ ತಲೆಯಲ್ಲಿ ಒಂದೇ ಯೋಚನೆ: ಇದಕ್ಕೊಂದು ಮೋಟಾರು ಕೂರಿಸಿದರೆ ಹೇಗೆ?

ಯೋಚನೆ ಕೆಟ್ಟದ್ದೇನಲ್ಲ. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಗಳ ಗೋಡೆಗೆ ಒರಗಿ ನಿಂತಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮೋಟಾರು, ಕಂಟ್ರೋಲರು, ಬ್ಯಾಟರಿಗಳು ಬಿಡಿಬಿಡಿಯಾಗಿ ಸಿಗುತ್ತವೆ. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಮನೆಗೆ ಕಳಿಸುವವರೂ ಇದ್ದಾರೆ. ಹೊಸ ವಿದ್ಯುತ್ ಸೈಕಲ್ಲಿನ ಬೆಲೆ ಕೇಳಿ ಸುಮ್ಮನಾದ ತಂದೆ, ಈ ಪೆಟ್ಟಿಗೆಯ ಬೆಲೆ ಕೇಳಿ ಮತ್ತೆ ಕಿವಿ ನಿಮಿರಿಸುತ್ತಾರೆ. ಪೆಟ್ಟಿಗೆಯ ಮೇಲೆ 250 ವ್ಯಾಟ್, 350 ವ್ಯಾಟ್, 500 ವ್ಯಾಟ್, 1000 ವ್ಯಾಟ್ ಎಂದು ಬರೆದಿರುತ್ತದೆ. ಮಗನ ಕಣ್ಣು ಹೋಗುವುದು ಸಾವಿರದ ಮೇಲೆ. ಎಡವುವುದೂ ಅಲ್ಲೇ.

ಎಷ್ಟು ವ್ಯಾಟ್ ಬೇಕು ಎಂಬುದನ್ನು ಅಂಗಡಿಯವನನ್ನು ಕೇಳಬೇಕಾಗಿಲ್ಲ. ಪ್ರೌಢಶಾಲೆಯ ಭೌತವಿಜ್ಞಾನ ಸಾಕು. ಹುಡುಗ, ಸೈಕಲ್, ಪುಸ್ತಕದ ಚೀಲ, ಮೋಟಾರು, ಬ್ಯಾಟರಿ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಳ್ಳೋಣ. ಮಟ್ಟಸವಾದ ಟಾರು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗಲು ಟೈರಿನ ಉರುಳು ಘರ್ಷಣೆಗೆ ಸುಮಾರು 40 ವ್ಯಾಟ್, ಗಾಳಿಯನ್ನು ಸೀಳಲು ಸುಮಾರು 55 ವ್ಯಾಟ್ ಬೇಕಾಗುತ್ತದೆ. ಒಟ್ಟು ನೂರರ ಆಸುಪಾಸು. ಆರೋಗ್ಯವಂತನೊಬ್ಬ ತುಸು ಬೆವರಿದರೆ ಇಷ್ಟನ್ನು ಕಾಲಿನಿಂದಲೇ ಕೊಡಬಲ್ಲ. ಈಗ ಏರು ನೋಡಿ. ಇಪ್ಪತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗಕ್ಕೆ 150 ವ್ಯಾಟ್ ಸಾಕು, 15 ಕಿ.ಮೀ. ಬೇಕೆಂದರೆ 240ರ ಹತ್ತಿರ ಹೋಗುತ್ತದೆ. ಅಂದರೆ 250 ವ್ಯಾಟಿನ ಮೋಟಾರು ಒಂದು ಕಡೆ, ಸವಾರನ ಕಾಲಿನ 75 ವ್ಯಾಟ್ ಇನ್ನೊಂದು ಕಡೆ ಸೇರಿದರೆ ಇಂಥ ಏರನ್ನು ಕೂತೇ ಹತ್ತಬಹುದು. ಸಾವಿರ ವ್ಯಾಟ್ ಬೇಕಾಗುವುದು ಏರು ಹತ್ತಲಿಕ್ಕಲ್ಲ, ಮಟ್ಟ ರಸ್ತೆಯಲ್ಲಿ ಮೊಪೆಡ್ಡನ್ನು ಹಿಂದೆ ಹಾಕಲಿಕ್ಕೆ. ವೇಗ ಇಮ್ಮಡಿಯಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬುದನ್ನು ನೆನಪಿಟ್ಟರೆ, ಆ ಹೆಚ್ಚಿನ ವ್ಯಾಟೆಲ್ಲ ಎಲ್ಲಿ ಸೋರಿಹೋಗುತ್ತದೆ ಎಂದು ತಿಳಿಯುತ್ತದೆ.

ಈ 250ಕ್ಕೆ ಇನ್ನೊಂದು ಮಹತ್ವವಿದೆ. ಅದನ್ನು ಮಕ್ಕಳಿಗಿಂತ ತಂದೆತಾಯಿ ಗಮನಿಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಬ್ಯಾಟರಿಯಿಂದ ಓಡುವ ದ್ವಿಚಕ್ರದ ಮೋಟಾರಿನ ಅರ್ಧ ಗಂಟೆಯ ಸಾಮರ್ಥ್ಯ 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ, ತಕ್ಕ ಬ್ರೇಕುಗಳು ಮತ್ತು ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕಗಳು ಇದ್ದರೆ ಅದು ಮೋಟಾರು ವಾಹನವೆನಿಸುವುದಿಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಆದರೆ ಇವೆಲ್ಲವನ್ನೂ ಅಧಿಕೃತ ಪರೀಕ್ಷಾ ಸಂಸ್ಥೆಯೊಂದು ಪರಿಶೀಲಿಸಿ ಒಪ್ಪಿರಬೇಕೆಂಬ ಮಾತೂ ಅದೇ ನಿಯಮದಲ್ಲಿದೆ. ಆದ್ದರಿಂದ ಪೆಟ್ಟಿಗೆ ಕೊಳ್ಳುವಾಗ ಆ ಪ್ರಮಾಣಪತ್ರ ಕೇಳಿ ನೋಡಬೇಕು. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವವರು ರಸ್ತೆಗಿಳಿಸುವ ಮುನ್ನ ಮಂಡ್ಯದ ಸಾರಿಗೆ ಕಚೇರಿಯಲ್ಲೋ, ನಾಗಮಂಗಲದ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲೋ ಒಮ್ಮೆ ವಿಚಾರಿಸುವುದು ಕ್ಷೇಮ.

ಗೆರೆ ದಾಟಿದರೆ? 500 ವ್ಯಾಟಿನ ಮೋಟಾರು ಕೂತ ಸೈಕಲ್ಲು ಕಾನೂನಿನ ಕಣ್ಣಿಗೆ ಸೈಕಲ್ಲಲ್ಲ, ನೋಂದಣಿಯಾಗದ ಮೋಟಾರು ವಾಹನ. ಅದನ್ನು ಓಡಿಸುವ ಒಂಬತ್ತನೇ ತರಗತಿಯ ಹುಡುಗ ಲೈಸೆನ್ಸ್ ಇಲ್ಲದ ಚಾಲಕ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಮಗನ ಹಟಕ್ಕೆ ಸೋತು ದೊಡ್ಡ ಮೋಟಾರು ಕೊಡಿಸುವ ತಂದೆ ಇದನ್ನೂ ಜೊತೆಗೇ ಕೊಂಡಂತೆ.

ಮೋಟಾರು 250 ವ್ಯಾಟ್ ಎಂದಾಯಿತು. ಎಲ್ಲಿ ಕೂರಿಸುವುದು? ಮೂರು ದಾರಿಗಳಿವೆ. ಗಾಲಿಯ ನಡುವಿನ ಹಬ್ಬಿನೊಳಗೇ ಮೋಟಾರು ಇರುವುದು ಒಂದು. ಇದು ಮುಂದಿನ ಗಾಲಿಗೂ ಬರುತ್ತದೆ, ಹಿಂದಿನ ಗಾಲಿಗೂ ಬರುತ್ತದೆ. ಪೆಡಲಿನ ಅಚ್ಚಿನ ಬಳಿ ಕೂತು ಚೈನನ್ನೇ ಎಳೆಯುವುದು ಇನ್ನೊಂದು. ಹಿಂದಿನ ಗಾಲಿಯ ಎಡಬದಿಗೆ ಬೇರೆಯೇ ಹಲ್ಲುಚಕ್ರ, ಬೇರೆಯೇ ಚೈನು ಹಾಕಿ, ಫ್ರೇಮಿಗೆ ಬಿಗಿದ ಸಣ್ಣ ಮೋಟಾರಿನಿಂದ ಎಳೆಸುವುದು ಮೂರನೆಯದು. ಪೆಡಲಿನ ಬಳಿಯದು ಗೇರುಳ್ಳ ದುಬಾರಿ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಒಂದೇ ಗೇರಿನ ಹಳ್ಳಿ ಸೈಕಲ್ಲಿಗೆ ಅದು ತಿರುಪತಿ ಲಡ್ಡನ್ನು ಬೆಳ್ಳಿ ತಟ್ಟೆಯಲ್ಲಿಟ್ಟಂತೆ; ಚೆನ್ನಾಗಿರುತ್ತದೆ, ಅಗತ್ಯವಿಲ್ಲ. ಎಡಬದಿಯ ಚೈನು ಮೋಟಾರು ಅಗ್ಗ. ಕೆಟ್ಟರೆ ಊರಿನ ವೈಂಡಿಂಗ್ ಅಂಗಡಿಯವನೇ ಬಿಚ್ಚಿ ನೋಡಬಲ್ಲ. ಆದರೆ ಸದ್ದು ಮಾಡುತ್ತದೆ, ಚೈನು ಒಂದು ಗೆರೆಗೆ ಬಾರದಿದ್ದರೆ ದಿನಕ್ಕೊಮ್ಮೆ ಕಳಚುತ್ತದೆ.

ಉಳಿದದ್ದು ಹಬ್ ಮೋಟಾರು. ಇದರಲ್ಲಿ ಮತ್ತೆ ಎರಡು ಜಾತಿ. ಒಳಗೆ ಹಲ್ಲುಚಕ್ರಗಳಿರುವುದು ಹಗುರ, ಎರಡು ಎರಡೂವರೆ ಕಿಲೋ ತೂಗುತ್ತದೆ. ಏರಿನಲ್ಲಿ ಒತ್ತಾಗಿ ಎಳೆಯುತ್ತದೆ. ಬ್ಯಾಟರಿ ಮುಗಿದರೆ ಒಳಗಿನ ಫ್ರೀವೀಲಿನಿಂದಾಗಿ ಮಾಮೂಲಿ ಸೈಕಲ್ಲಿನಂತೆ ತುಳಿದುಕೊಂಡು ಬರಬಹುದು. ಹಲ್ಲುಚಕ್ರವಿಲ್ಲದ್ದು ಗಟ್ಟಿಮುಟ್ಟು, ಸದ್ದಿಲ್ಲ, ಆದರೆ ಭಾರ. ಬ್ಯಾಟರಿ ಮುಗಿದಾಗ ಅಯಸ್ಕಾಂತಗಳು ಗಾಲಿಯನ್ನು ಹಿಂದಕ್ಕೆ ಜಗ್ಗುತ್ತವೆ. ಏರಿಳಿತದ ನಾಗಮಂಗಲ ಸೀಮೆಗೆ ಮೊದಲನೆಯದೇ ಸರಿ.

ಮುಂದಿನ ಗಾಲಿಯೋ ಹಿಂದಿನದೋ ಎಂಬ ಪ್ರಶ್ನೆಗೆ ಅಂಗಡಿಯವರು ಸಾಮಾನ್ಯವಾಗಿ ‘ಮುಂದಿನದು ಸುಲಭ’ ಎನ್ನುತ್ತಾರೆ. ಜೋಡಿಸಲು ಸುಲಭ ನಿಜ. ಆದರೆ ನಾಲೆ ಏರಿಯ ಜಲ್ಲಿ ಮಣ್ಣಿನಲ್ಲಿ ಮುಂದಿನ ಗಾಲಿ ಎಳೆದರೆ ಹ್ಯಾಂಡಲ್ ಜಾರುತ್ತದೆ. ಸವಾರನ ಭಾರವೆಲ್ಲ ಇರುವುದು ಹಿಂದಿನ ಗಾಲಿಯ ಮೇಲೆ. ಕೆ.ಆರ್. ಪೇಟೆಯ ಕಡೆಯ ಹಳ್ಳಿಯಿಂದ ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿ ಡೇರಿಗೆ ಹೋಗುವವರಿಗಂತೂ ಹಿಂದಿನ ಗಾಲಿಯ ಮೋಟಾರೇ ಸರಿ. ಅಡ್ಡಿ ಒಂದಿದೆ. ಹಿಂದಿನ ಹಬ್ ಮೋಟಾರುಗಳು ಸಾಮಾನ್ಯವಾಗಿ 135 ಮಿಲಿಮೀಟರ್ ಅಗಲದ ಜಾಗಕ್ಕೆ ಮಾಡಿದವು. ಹಳೆಯ ಕಪ್ಪು ಸೈಕಲ್ಲಿನ ಹಿಂದಿನ ಕವಲು ಅಷ್ಟು ಅಗಲವಿರುವುದಿಲ್ಲ. ಉಕ್ಕಿನ ಫ್ರೇಮನ್ನು ಅನುಭವಸ್ಥ ಮೆಕ್ಯಾನಿಕ್ ಹದವಾಗಿ ಅಗಲಿಸಬಲ್ಲ, ಅಲ್ಯುಮಿನಿಯಂ ಆದರೆ ಬಿರುಕು ಬಿಡುತ್ತದೆ. ಹಣ ಕಟ್ಟುವ ಮುನ್ನ ಸ್ಕೇಲು ಹಿಡಿದು ಎರಡು ಕವಲುಗಳ ಒಳ ಅಂತರ ಅಳೆಯಿರಿ. ಗಾಲಿಯ ಅಳತೆಯನ್ನೂ ಟೈರಿನ ಮೇಲೆ ಓದಿಕೊಳ್ಳಿ. ಇಷ್ಟು ಸಣ್ಣ ಕೆಲಸ ಮಾಡದೆ ತರಿಸಿದ ಪೆಟ್ಟಿಗೆಗಳು ಅಟ್ಟ ಸೇರುತ್ತವೆ.

ಇನ್ನೊಂದು ಚಿಕ್ಕ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಅದು ಅಚ್ಚನ್ನು ಹಿಡಿಯುವ ಉಕ್ಕಿನ ತೋಳು. ಮೋಟಾರು ಗಾಲಿಯನ್ನು ಮುಂದಕ್ಕೆ ತಿರುಗಿಸಿದಷ್ಟೇ ಬಲದಿಂದ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ನ್ಯೂಟನ್ನನ ಮೂರನೇ ನಿಯಮ ಇಲ್ಲಿ ಪರೀಕ್ಷೆಯ ಪ್ರಶ್ನೆಯಲ್ಲ, ಹಲ್ಲು ಮುರಿಯುವ ಪ್ರಶ್ನೆ. 40 ನ್ಯೂಟನ್ ಮೀಟರ್ ತಿರುಚು ಬಲವನ್ನು ಹತ್ತು ಮಿಲಿಮೀಟರ್ ಅಗಲದ ಅಚ್ಚಿನ ಚಪ್ಪಟೆ ಭಾಗ ತಡೆಯಬೇಕೆಂದರೆ ಅಲ್ಲಿ ಬೀಳುವ ಬಲ 4000 ನ್ಯೂಟನ್, ಅಂದರೆ ನಾಲ್ಕು ಕ್ವಿಂಟಾಲ್ ಭಾರದಷ್ಟು. ಬರೀ ನಟ್ಟು ಬಿಗಿದರೆ ಒಂದು ದಿನ ಅಚ್ಚು ಕವಲಿನಿಂದ ಎದ್ದು ಬರುತ್ತದೆ. ಒಂದು ಗೇಣುದ್ದದ ಉಕ್ಕಿನ ಪಟ್ಟಿ ಅದೇ ತಿರುಚನ್ನು ಫ್ರೇಮಿಗೆ ವರ್ಗಾಯಿಸುತ್ತದೆ. ಸನ್ನೆಕೋಲು ಉದ್ದವಾದಷ್ಟೂ ಬಲ ಕಡಿಮೆ, ಇದು ಶಾಲೆಯ ಪಾಠ.

ಈಗ ಬ್ರೇಕು. ಎಲ್ಲರೂ ಕೊನೆಗೆ ಯೋಚಿಸುವ ಇದನ್ನೇ ಮೊದಲು ಯೋಚಿಸಬೇಕಿತ್ತು. ಕಾಲಿನಿಂದ 15 ಕಿ.ಮೀ. ವೇಗದಲ್ಲಿ ಹೋಗುವ 90 ಕಿಲೋ ಭಾರದ ಚಲನಶಕ್ತಿ ಸುಮಾರು 780 ಜೌಲ್. ಅದೇ 25 ಕಿ.ಮೀ. ವೇಗದಲ್ಲಾದರೆ 2170 ಜೌಲ್, ಹತ್ತಿರ ಹತ್ತಿರ ಮೂರು ಪಟ್ಟು. ವೇಗ ಹೆಚ್ಚಿದ್ದು ಒಂದೂಮುಕ್ಕಾಲು ಪಟ್ಟೂ ಅಲ್ಲ. ಕಂಬಿ ಬ್ರೇಕಿನ ಹಳೆಯ ಸೈಕಲ್ಲುಗಳಲ್ಲಿ ರಬ್ಬರ್ ಕಟ್ಟೆ ರಿಮ್ಮಿನ ಒಳಮೈಗೆ ಒತ್ತುತ್ತದೆ. ಮಳೆಯಲ್ಲಿ ನೆಂದ ರಿಮ್ಮಿನ ಮೇಲೆ ಅದು ಹಿಡಿಯುವುದಕ್ಕಿಂತ ಜಾರುವುದೇ ಹೆಚ್ಚು. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಮುಸ್ಸಂಜೆಯಲ್ಲಿ ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ ಮೋಟಾರಿಗಿಂತ ಬ್ರೇಕೇ ಹೆಚ್ಚು ಕೆಲಸಕ್ಕೆ ಬರುತ್ತದೆ. ತಂತಿ ಎಳೆಯುವ, ರಿಮ್ಮಿನ ಎರಡೂ ಬದಿ ಕಚ್ಚುವ ಬ್ರೇಕು ಇಲ್ಲವೇ ಡಿಸ್ಕ್ ಬ್ರೇಕು ಕೂರಿಸಲು ಬಾರದ ಸೈಕಲ್ಲಾದರೆ, ಮೋಟಾರಿನ ಆಸೆ ಬಿಟ್ಟು ಬೇರೆ ಸೈಕಲ್ ನೋಡುವುದು ಒಳ್ಳೆಯದು. ಬ್ರೇಕಿನ ಹಿಡಿಯಲ್ಲೇ ಸ್ವಿಚ್ಚಿದ್ದು, ಹಿಡಿದ ಕೂಡಲೇ ಮೋಟಾರು ನಿಲ್ಲುವಂಥ ಹಿಡಿಗಳು ಸಿಗುತ್ತವೆ. ಅವನ್ನು ಬಿಡಬಾರದು.

ಬ್ಯಾಟರಿಯೇ ಎಲ್ಲಕ್ಕಿಂತ ದುಬಾರಿ. ಉಳಿತಾಯ ಮಾಡಲು ಹೋಗಿ ಜನ ಕೈ ಸುಟ್ಟುಕೊಳ್ಳುವುದೂ ಇದರಲ್ಲೇ, ಕೆಲವು ಸಲ ಅಕ್ಷರಶಃ. ಮೊದಲು ಎಷ್ಟು ದೊಡ್ಡದು ಬೇಕೆಂದು ಲೆಕ್ಕ ಹಾಕೋಣ. ಶಾಲೆ ಏಳು ಕಿ.ಮೀ. ದೂರ, ಹೋಗಿ ಬರಲು ಹದಿನಾಲ್ಕು. ನಿಂತು ಹೊರಡುವುದು, ಉಬ್ಬು ತಗ್ಗು, ಮೋಟಾರಿನ ನಷ್ಟ ಎಲ್ಲ ಸೇರಿ ಕಿಲೋಮೀಟರಿಗೆ 10 ವ್ಯಾಟ್-ಗಂಟೆ ಎಂದು ಹಿಡಿದರೆ ದಿನಕ್ಕೆ 140. ಬ್ಯಾಟರಿಯನ್ನು ಪೂರ್ತಿ ಹಿಂಡಬಾರದು, ಎಂಬತ್ತು ಭಾಗ ಮಾತ್ರ ಬಳಸಬೇಕು. ಕೆಲವು ವರ್ಷ ಕಳೆದ ಮೇಲೆ ಅದರ ಸಾಮರ್ಥ್ಯ ಎಪ್ಪತ್ತು ಭಾಗಕ್ಕೆ ಇಳಿದಾಗಲೂ ಮನೆ ಸೇರಬೇಕು. 140ನ್ನು 0.8ರಿಂದಲೂ 0.7ರಿಂದಲೂ ಭಾಗಿಸಿದರೆ ಬರುವುದು 250 ವ್ಯಾಟ್-ಗಂಟೆ. ಅಂದರೆ 36 ವೋಲ್ಟಿನ, ಏಳೂವರೆ ಆಂಪಿಯರ್-ಗಂಟೆಯ ಬ್ಯಾಟರಿ ಸಾಕು. ನಿತ್ಯ ಏರು ಹತ್ತುವವರು 10 ಆಂಪಿಯರ್-ಗಂಟೆಯದನ್ನು ತರಲಿ. ಅದನ್ನು ಬರಿದಿನಿಂದ ತುಂಬಿಸಿದರೂ ಅರ್ಧ ಯೂನಿಟ್ ಕರೆಂಟು ಖರ್ಚಾಗುವುದಿಲ್ಲ.

‘ಮನೆಯ ಯುಪಿಎಸ್ಸಿನದೇ ಜಾತಿಯ ಸೀಸದ ಬ್ಯಾಟರಿ ಹಾಕಿದರಾಗದೇ, ಅಗ್ಗ ಅಲ್ಲವೇ’ ಎಂದು ಕೇಳುವವರಿದ್ದಾರೆ. 12 ವೋಲ್ಟ್, 12 ಆಂಪಿಯರ್-ಗಂಟೆಯ ಮೂರು ಬ್ಯಾಟರಿ ಸಾಲಾಗಿ ಜೋಡಿಸಿದರೆ 36 ವೋಲ್ಟ್ ಬರುತ್ತದೆ. ತೂಕ ಹನ್ನೆರಡು ಕಿಲೋ! ಅದೇ ಕೆಲಸದ ಲಿಥಿಯಂ ಬ್ಯಾಟರಿ ಎರಡೂವರೆ ಮೂರು ಕಿಲೋ. ಅಲ್ಲದೆ ಸೀಸದ ಬ್ಯಾಟರಿಯ ಮೇಲೆ ಬರೆದ 12 ಎಂಬುದು ಇಪ್ಪತ್ತು ಗಂಟೆ ನಿಧಾನವಾಗಿ ಬಳಸಿದಾಗಿನ ಲೆಕ್ಕ. ಒಂದೇ ಗಂಟೆಯಲ್ಲಿ ಹೀರಿದರೆ ಸಿಗುವುದು ಅದರ ಆರಾಣೆ-ಎಂಟಾಣೆ ಎನ್ನದಿದ್ದರೂ ಹತ್ತಾಣೆಯಷ್ಟೇ.

ಲಿಥಿಯಂ ಬ್ಯಾಟರಿ ಒಂದು ಡಬ್ಬಿಯಂತೆ ಕಂಡರೂ ಒಳಗಿರುವುದು ಬೆರಳುದ್ದದ ಹತ್ತಾರು ಕೋಶಗಳು. ಒಂದೊಂದು 3.6 ವೋಲ್ಟ್. ಹತ್ತು ಕೋಶ ಸಾಲಿಗೆ ಸೇರಿದರೆ 36 ವೋಲ್ಟ್. ಅಂಥ ನಾಲ್ಕು ಸಾಲು ಪಕ್ಕಪಕ್ಕ ಸೇರಿದರೆ, ಒಂದು ಕೋಶಕ್ಕೆ ಎರಡೂವರೆಯಂತೆ, 10 ಆಂಪಿಯರ್-ಗಂಟೆ. ಒಟ್ಟು ನಲವತ್ತು ಕೋಶ. ತುಂಬಿದಾಗ 42 ವೋಲ್ಟ್ ತೋರಿಸುತ್ತದೆ. ನಲವತ್ತರಲ್ಲಿ ಒಂದು ಕೋಶ ಬಡಕಲಾದರೂ ಉಳಿದವು ಅದನ್ನು ತುಳಿದುಬಿಡುತ್ತವೆ, ಅದು ಕಾಯುತ್ತದೆ. ಇದನ್ನು ಕಾವಲು ಕಾಯಲು ಬಿಎಂಎಸ್ ಎಂಬ ಸಣ್ಣ ಸರ್ಕ್ಯೂಟು ಹಲಗೆ ಇರುತ್ತದೆ. ಕೋಶ ಅತಿಯಾಗಿ ತುಂಬದಂತೆ, ಅತಿಯಾಗಿ ಬರಿದಾಗದಂತೆ ಅದು ನೋಡಿಕೊಳ್ಳುತ್ತದೆ. ಹಳೆಯ ಲ್ಯಾಪ್‌ಟಾಪುಗಳಿಂದ ಬಿಚ್ಚಿದ ಕೋಶಗಳನ್ನು ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊಸದೆಂದು ಮಾರುವುದುಂಟು. ತಯಾರಕರ ಹೆಸರು, ತಯಾರಾದ ದಿನಾಂಕ, ಗ್ಯಾರಂಟಿ ಚೀಟಿ, ರಸೀದಿ ಇಲ್ಲದ ಬ್ಯಾಟರಿ ಎಷ್ಟೇ ಅಗ್ಗವಾದರೂ ಬೇಡ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದದ್ದು, ಆಮೇಲೆ ಸರ್ಕಾರ ಬ್ಯಾಟರಿಗಳ ಸುರಕ್ಷತಾ ನಿಯಮ ಬಿಗಿಗೊಳಿಸಿದ್ದು ಓದುಗರಿಗೆ ನೆನಪಿರಬಹುದು. ಬಿಸಿಲಿನಲ್ಲಿ ಬಂದ ಕೂಡಲೇ ಚಾರ್ಜಿಗೆ ಹಾಕಬಾರದು, ಆರಲು ಅರ್ಧ ಗಂಟೆ ಬಿಡಬೇಕು. ಮಲಗುವ ಕೋಣೆಯಲ್ಲಿ, ಹುಲ್ಲಿನ ಬಣವೆಯ ಪಕ್ಕ ಚಾರ್ಜು ಮಾಡಬಾರದು. 42 ವೋಲ್ಟಿನ ಅದರದೇ ಚಾರ್ಜರನ್ನು ಬಿಟ್ಟು ಬೇರೆಯದು ತಾಗಿಸಲೇಬಾರದು.

ಇಲ್ಲಿ ಒಂದು ಮಾತು ಹೇಳದೆ ಹೋದರೆ ಮಂಡ್ಯ ಜಿಲ್ಲೆಯ ಮಕ್ಕಳಿಗೆ ಅನ್ಯಾಯವಾದೀತು. ಬ್ಯಾಟರಿಯೊಳಗಿನ ಈ ಲಿಥಿಯಂ ಎಲ್ಲೋ ದೂರದ ಚಿಲಿ, ಆಸ್ಟ್ರೇಲಿಯಾಗಳದ್ದೆಂದು ನಾವು ಓದುತ್ತೇವೆ. ಆದರೆ ಶ್ರೀರಂಗಪಟ್ಟಣದ ಸೀಮೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್ ಶಿಲೆಗಳಲ್ಲೂ ಅದಿದೆ. ಪರಮಾಣು ಇಂಧನ ಇಲಾಖೆಯ ಖನಿಜ ಅನ್ವೇಷಣಾ ನಿರ್ದೇಶನಾಲಯ ಅಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂದು ಅಂದಾಜು ಮಾಡಿದೆ ಎಂದು 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಅಂದಾಜು ಎಂಬ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ. ಬಂಡೆಯಲ್ಲಿರುವುದು ಬೇರೆ, ಬಂಡೆಯಿಂದ ಲಾಭಕ್ಕೆ ತೆಗೆಯುವುದು ಬೇರೆ. ಒಂದು ಸೈಕಲ್ಲಿನ ಬ್ಯಾಟರಿಯಲ್ಲಿರುವ ಶುದ್ಧ ಲಿಥಿಯಂ ಐವತ್ತು ಗ್ರಾಮಿನೊಳಗೇ, ಒಂದು ಸಣ್ಣ ಬೆಲ್ಲದುಂಡೆಯ ತೂಕ. ಉಳಿದದ್ದೆಲ್ಲ ನಿಕ್ಕಲ್ಲು, ತಾಮ್ರ, ಅಲ್ಯುಮಿನಿಯಂ, ಗ್ರಾಫೈಟ್ ಇತ್ಯಾದಿ. ಆದ್ದರಿಂದಲೇ ಸತ್ತ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಮಾರಿದವರಿಗೇ ಹಿಂದಿರುಗಿಸಬೇಕು.

ಕಂಟ್ರೋಲರಿನ ವಿಷಯ ಹೆಚ್ಚು ಹೇಳುವಂಥದಲ್ಲ. ಬ್ಯಾಟರಿ, ಕಂಟ್ರೋಲರು, ಮೋಟಾರು ಮೂರರ ಮೇಲೂ ಒಂದೇ ವೋಲ್ಟೇಜು ಬರೆದಿರಬೇಕು. 36 ವೋಲ್ಟಿನಲ್ಲಿ 250 ವ್ಯಾಟಿಗೆ ಬೇಕಾದದ್ದು ಸುಮಾರು 7 ಆಂಪಿಯರ್; ಹೊರಡುವಾಗ ಕಂಟ್ರೋಲರು ಅದರ ಇಮ್ಮಡಿ ಎಳೆಯಬಹುದು, ಅಷ್ಟನ್ನು ಬಿಎಂಎಸ್ ಕೊಡಬಲ್ಲದೇ ಎಂದು ಚೀಟಿಯಲ್ಲಿ ನೋಡಿಕೊಳ್ಳಬೇಕು. ತುಳಿದಾಗ ಮಾತ್ರ ಮೋಟಾರು ಓಡುವಂತೆ ಮಾಡುವ ಪೆಡಲ್ ಸೆನ್ಸರು ಹಿಡಿ ತಿರುಚುವ ಥ್ರಾಟಲಿಗಿಂತ ಮಕ್ಕಳಿಗೆ ಒಳ್ಳೆಯದು: ಕಾಲಿಗೆ ಕೆಲಸವಿರುತ್ತದೆ, ಬ್ಯಾಟರಿ ಒಂದೂವರೆ ಪಟ್ಟು ದೂರ ಬರುತ್ತದೆ. ವೈರುಗಳನ್ನು ಹಲ್ಲಿನಿಂದ ಕಚ್ಚಿ ಸುಲಿದು ಹುರಿಗೊಳಿಸಿ ಟೇಪು ಸುತ್ತುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಅಂಥ ಸಡಿಲ ಜೋಡಣೆಯ ರೋಧ 0.1 ಓಮ್ ಎಂದರೆ, 15 ಆಂಪಿಯರ್ ಹರಿಯುವಾಗ ಅಲ್ಲಿ ಹುಟ್ಟುವ ಶಾಖ 22.5 ವ್ಯಾಟ್. ರೇಡಿಯೋ ರಿಪೇರಿಯವನ ಬೆಸುಗೆ ಕಡ್ಡಿ 25 ವ್ಯಾಟಿನದು! ಸೀಟಿನ ಕೆಳಗೆ ಅಂಥದ್ದೊಂದನ್ನು ಉರಿಸಿಕೊಂಡು ಯಾರು ಶಾಲೆಗೆ ಹೋಗುತ್ತಾರೆ? ಬಿಗಿಯಾಗಿ ಕೂರುವ ಕನೆಕ್ಟರುಗಳು, ಬ್ಯಾಟರಿಯ ಧನ ತುದಿಯಲ್ಲೇ ಒಂದು ಫ್ಯೂಸು, ಇವಿಷ್ಟಕ್ಕೆ ಖರ್ಚು ಮಾಡಲು ಹಿಂದೆಮುಂದೆ ನೋಡಬಾರದು. ಬ್ಯಾಟರಿಯನ್ನು ಫ್ರೇಮಿನ ತ್ರಿಕೋನದ ನಡುವೆ ಕೆಳಗೆ ಕೂರಿಸಿದರೆ ಸೈಕಲ್ ಓಲಾಡುವುದಿಲ್ಲ. ಅಡ್ಡಕಂಬಿಯಿಲ್ಲದ ಲೇಡೀಸ್ ಸೈಕಲ್ಲಿನಲ್ಲಿ ಆ ಜಾಗವಿಲ್ಲ. ಅಲ್ಲಿ ಕ್ಯಾರಿಯರಿಗೇ ಬಿಗಿಯಬೇಕು, ಹಗ್ಗದಿಂದಲ್ಲ, ಬೋಲ್ಟಿನಿಂದ.

ಇವೆಲ್ಲ ಕೊಳ್ಳುವ ಮೊದಲು ಒಂದು ಪ್ರಯೋಗ ಮಾಡಿ ನೋಡಬಹುದು. ಮೀಟರು ಟೇಪೊಂದು, ಗೆಳೆಯನ ಗಡಿಯಾರವೊಂದು ಸಾಕು. ಗಾಳಿಯಿಲ್ಲದ ಬೆಳಗ್ಗೆ, ವಾಹನಗಳಿಲ್ಲದ ಮಟ್ಟಸ ರಸ್ತೆಯಲ್ಲಿ ಇಪ್ಪತ್ತೈದು ಮೀಟರಿಗೆ ಎರಡು ಗುರುತು ಹಾಕಿ. ಆ ದೂರವನ್ನು ಆರು ಸೆಕೆಂಡಿನಲ್ಲಿ ದಾಟಿದರೆ ವೇಗ ಗಂಟೆಗೆ 15 ಕಿ.ಮೀ. ಎರಡನೇ ಗುರುತಿನಲ್ಲಿ ತುಳಿಯುವುದು ನಿಲ್ಲಿಸಿ, ಬ್ರೇಕು ಹಿಡಿಯದೆ ಸೈಕಲ್ ತಾನಾಗಿ ನಿಲ್ಲುವವರೆಗೆ ಹೋದ ದೂರ ಅಳೆಯಿರಿ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಆದರೆ ಚಲನಶಕ್ತಿ ಸುಮಾರು 700 ಜೌಲ್. ದೂರದಿಂದ ಭಾಗಿಸಿದರೆ ಸರಾಸರಿ ತಡೆಬಲ ಸಿಗುತ್ತದೆ. ಎಂಬತ್ತು ಮೀಟರ್ ಹೋದರೆ ಒಂಬತ್ತು ನ್ಯೂಟನ್ನಿನ ಹತ್ತಿರ, ಸೈಕಲ್ ಚೆನ್ನಾಗಿದೆ. ನಲವತ್ತಕ್ಕೇ ನಿಂತರೆ ತಡೆ ಇಮ್ಮಡಿ. ಕೊಳ್ಳಲಿರುವ ಬ್ಯಾಟರಿಯ ಅರ್ಧ ಭಾಗ ಒಣಗಿದ ಬಾಲ್ಸಿಗೆ, ಬೆಂಡಾದ ರಿಮ್ಮಿಗೆ, ಗಾಳಿ ಕಡಿಮೆಯಾದ ಟೈರಿಗೆ ಹೋಗಲಿದೆ ಎಂದರ್ಥ. ಊರಿನ ಸೈಕಲ್ ಶಾಪಿನಲ್ಲಿ ಬಾಲ್ಸು ಬದಲಿಸಿ, ಗ್ರೀಸು ತುಂಬಿಸಿ, ಕಡ್ಡಿ ಬಿಗಿಸಿ ಬೆಂಡು ತೆಗೆಸಿ, ಮತ್ತೆ ಅದೇ ರಸ್ತೆಯಲ್ಲಿ ಅಳೆಯಿರಿ. ಆ ದಿನ ಕೆಲವು ಹುಡುಗರು ಮೋಟಾರಿನ ಮಾತು ಮರೆತು ತುಳಿದುಕೊಂಡೇ ಮನೆಗೆ ಬಂದರೂ ಬರಬಹುದು. ಮೇಲುಕೋಟೆಯ ಕಡೆಯವರು ಬಿಡಿ, ಅವರಿಗೆ ಅದು ಬೇಕೇ ಬೇಕು.